ಕಾಗೆಯ ಆಟ, ಕಾಗೆಯ ಬುದ್ಧಿ

ಎಲ್ಲರಿಗೂ ನಮಸ್ಕಾರ. ಕಾಗೆ ಜಾಣ ಹಕ್ಕಿ ಅಂತ ಇಲ್ಲಿ ಕೂತಿರುವ ಯಾರಿಗೂ ಹೊಸದಾಗಿ ಹೇಳಬೇಕಿಲ್ಲ. ಹೂಜಿಗೆ ಕಲ್ಲು ಹಾಕಿ ನೀರು ಕುಡಿದ ಕಾಗೆಯ ಕಥೆ ಕೇಳದೆ ದೊಡ್ಡವರಾದವರು ಕಡಿಮೆ. ಹಾಗಾಗಿ ಇವತ್ತು ಬರೀ ಜಾಣತನದ ಬಗ್ಗೆ ಹೇಳಿ ಕೂರುವುದಿಲ್ಲ. ಕಾಗೆಯ ಆಟದ ಬಗ್ಗೆಯೂ ಮಾತಾಡುತ್ತೇನೆ. ಇವೆರಡೂ ಬೇರೆ ಬೇರೆ ಅಂತ ನಾವು ಅಂದುಕೊಂಡಿದ್ದೇವೆ. ಬುದ್ಧಿ ಅಂದರೆ ದೊಡ್ಡ ವಿಷಯ, ಆಟ ಅಂದರೆ ಸುಮ್ನೆ ಹೊತ್ತು ಕಳೆಯುವುದು. ಕಾಗೆಗಳ ಬಗ್ಗೆ ಓದುತ್ತಾ, ಅವನ್ನು ನೋಡುತ್ತಾ ಹೋದ ಹಾಗೆ ಈ ಮಾತು ನನಗೆ ಒಪ್ಪಿಗೆಯಾಗದೆ ಹೋಯಿತು.

ಯಾಕೆ ಅಂತ ಹೇಳುತ್ತೇನೆ. ಪ್ರಯೋಗಾಲಯದಲ್ಲಿ ಪ್ರಶ್ನೆ ನಮ್ಮದು. ಕಾಗೆಗೆ ಒಂದು ಪೆಟ್ಟಿಗೆ ಕೊಡುತ್ತೇವೆ, ಒಂದು ಕಡ್ಡಿ ಕೊಡುತ್ತೇವೆ, ಒಳಗೆ ಮಾಂಸದ ಚೂರು ಇಡುತ್ತೇವೆ. ಅದು ಉತ್ತರ ಹುಡುಕುತ್ತದೆ. ಆಟದಲ್ಲಿ ಹಾಗಲ್ಲ. ಅಲ್ಲಿ ಪ್ರಶ್ನೆಯೂ ಕಾಗೆಯದ್ದೇ. ಇದನ್ನು ಎಳೆದರೆ ಏನಾಗುತ್ತದೆ? ಇವನ ಬಾಲ ಹಿಡಿದರೆ ಏನು ಮಾಡುತ್ತಾನೆ? ಇದನ್ನು ಇಲ್ಲಿಂದ ಬೀಳಿಸಿದರೆ? ಯಾರೂ ಕೇಳದೆ, ಹಸಿವು ತಳ್ಳದೆ, ಒಂದು ಹಕ್ಕಿ ಇಂಥ ಕೆಲಸಕ್ಕೆ ಇಳಿಯುತ್ತದಲ್ಲ, ಅದರ ಮನಸ್ಸು ನನಗೆ ಜಾಸ್ತಿ ಕಾಣುವುದು ಅಲ್ಲೇ.

ಕಾಗೆ ಅಂದಾಗ ಇವತ್ತು ಇಡೀ ಬಳಗವನ್ನೇ ಸೇರಿಸಿಕೊಂಡಿದ್ದೇನೆ. ರೇವನ್ ಎಂಬ ದೊಡ್ಡ ಕಾಗೆ, ಯುರೋಪಿನ ರೂಕ್, ಜಾಕ್‌ಡಾ, ಮ್ಯಾಗ್‌ಪೈ, ಜೇ ಹಕ್ಕಿಗಳು ಎಲ್ಲವೂ ಒಂದೇ ಕುಟುಂಬ. ನೂರಿಪ್ಪತ್ತಕ್ಕೂ ಹೆಚ್ಚು ಜಾತಿಗಳಿವೆ. ಒಂದು ಮಾಡುವುದನ್ನು ಇನ್ನೊಂದು ಮಾಡಲೇಬೇಕು ಅಂತೇನಿಲ್ಲ. ಹಾಗಾಗಿ ಯಾವ ಹಕ್ಕಿ ಅಂತ ಆಗಾಗ ಹೆಸರು ಹೇಳುತ್ತೇನೆ.

ಹೂಜಿಯ ಕಥೆಯಿಂದಲೇ ಶುರು ಮಾಡೋಣ. 2009ರಲ್ಲಿ ಕ್ರಿಸ್ಟೋಫರ್ ಬರ್ಡ್ ಮತ್ತು ನೇಥನ್ ಎಮರಿ ಅದನ್ನು ಪ್ರಯೋಗ ಮಾಡಿಯೇ ನೋಡಿದರು. ಪಾರದರ್ಶಕ ಕೊಳವೆ, ಅದರಲ್ಲಿ ಅರ್ಧ ನೀರು, ನೀರಿನ ಮೇಲೆ ತೇಲುವ ಹುಳು. ಪಕ್ಕದಲ್ಲಿ ಕಲ್ಲುಗಳು. ಪರೀಕ್ಷೆಗೆ ಕೂತಿದ್ದು ನಾಲ್ಕು ರೂಕ್‌ಗಳು. ಅವು ಕಲ್ಲು ಹಾಕಿ ಹಾಕಿ ನೀರು ಏರಿಸಿ ಹುಳು ತಿಂದವು. ಸಣ್ಣ ಕಲ್ಲಿಗಿಂತ ದೊಡ್ಡ ಕಲ್ಲು ಒಳ್ಳೆಯದು ಅಂತ ಬೇಗ ಕಂಡುಕೊಂಡವು. ಮರದ ಪುಡಿ ತುಂಬಿದ ಕೊಳವೆಗೆ ಕಲ್ಲು ಹಾಕಿ ಪ್ರಯೋಜನವಿಲ್ಲ ಅಂತಲೂ ತಿಳಿದುಕೊಂಡವು. ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ರೂಕ್‌ಗಳು ಬಯಲಿನಲ್ಲಿ ಇದ್ದಾಗ ಸಲಕರಣೆ ಬಳಸುವುದು ಕಾಣುವುದಿಲ್ಲ. ಅವಕ್ಕೆ ಅದರ ಅಗತ್ಯ ಬಿದ್ದಿಲ್ಲ. ಅಗತ್ಯ ಎದುರಾದ ಕೂಡಲೇ ಮಾಡಿ ತೋರಿಸಿದವು.

ಆಮೇಲೆ ನ್ಯೂ ಕ್ಯಾಲೆಡೋನಿಯಾ ದ್ವೀಪದ ಕಾಗೆಗಳಿಗೂ ಇದೇ ಪರೀಕ್ಷೆ ಕೊಟ್ಟರು. ಅವು ತೇಲುವ ವಸ್ತು ಬಿಟ್ಟು ಮುಳುಗುವ ವಸ್ತುವನ್ನೇ ಆರಿಸಿದವು. ಟೊಳ್ಳು ಬಿಟ್ಟು ಗಟ್ಟಿಯಾದದ್ದನ್ನು ತೆಗೆದುಕೊಂಡವು. ಆದರೆ ಒಂದು ಕಡೆ ಸೋತವು. ಎರಡು ಕೊಳವೆಗಳನ್ನು ಕೆಳಗೆ ಮುಚ್ಚಿಟ್ಟು ಜೋಡಿಸಿದ್ದರು. ಒಂದಕ್ಕೆ ಕಲ್ಲು ಹಾಕಿದರೆ ಇನ್ನೊಂದರಲ್ಲಿ ನೀರು ಏರುತ್ತದೆ. ಜೋಡಣೆ ಕಣ್ಣಿಗೆ ಕಾಣುವುದಿಲ್ಲ. ಕಾಗೆಗಳಿಗೆ ಇದು ಹೊಳೆಯಲಿಲ್ಲ. ಈ ಸೋಲು ನನಗೆ ಗೆಲುವಿನಷ್ಟೇ ಮುಖ್ಯ ಅನ್ನಿಸುತ್ತದೆ. ಕಾಗೆ ತಾನು ಮಾಡಿದ್ದಕ್ಕೆ ಏನಾಯಿತು ಅಂತ ಕಣ್ಣಾರೆ ನೋಡುತ್ತಾ, ಅದರಿಂದ ಮುಂದಿನ ಹೆಜ್ಜೆ ಇಡುವ ಹಕ್ಕಿ. ಇದನ್ನು ನೆನಪಿಟ್ಟುಕೊಳ್ಳಿ. ಆಟದ ಮಾತಿಗೆ ಬಂದಾಗ ಬೇಕಾಗುತ್ತದೆ.

ಈಗ ಬೆಟ್ಟಿಯ ಕಥೆ. ಬೆಟ್ಟಿ ಅಂದರೆ ಆಕ್ಸ್‌ಫರ್ಡ್‌ನಲ್ಲಿ ಇದ್ದ ಒಂದು ನ್ಯೂ ಕ್ಯಾಲೆಡೋನಿಯಾ ಕಾಗೆ, ಹೆಣ್ಣು. ಅದರ ಜೊತೆಗೆ ಏಬಲ್ ಅಂತ ಒಂದು ಗಂಡು. ಉದ್ದ ಕೊಳವೆಯ ತಳದಲ್ಲಿ ಪುಟ್ಟ ಬಕೆಟ್, ಅದರಲ್ಲಿ ಮಾಂಸ. ಎರಡು ತಂತಿಗಳು: ಒಂದು ನೇರ, ಒಂದು ತುದಿ ಬಾಗಿದ್ದು. ಬಾಗಿದ ತಂತಿಯಿಂದ ಬಕೆಟ್ಟಿನ ಹಿಡಿಕೆಗೆ ಕೊಕ್ಕೆ ಹಾಕಿ ಎತ್ತಬಹುದು. ಇವು ಯಾವ ತಂತಿ ಆರಿಸುತ್ತವೆ ಅಂತ ನೋಡುವುದಷ್ಟೇ ಪರೀಕ್ಷೆಯಾಗಿತ್ತು. ನಡುವೆ ಏಬಲ್ ಬಾಗಿದ ತಂತಿಯನ್ನು ಎತ್ತಿಕೊಂಡು ಹೋಗಿಬಿಟ್ಟ. ಬೆಟ್ಟಿಗೆ ಉಳಿದದ್ದು ನೇರ ತಂತಿ. ಅದು ತಂತಿಯ ತುದಿಯನ್ನು ಒಂದು ಕಡೆ ಸಿಕ್ಕಿಸಿ, ಇನ್ನೊಂದು ತುದಿ ಎಳೆದು, ಬಗ್ಗಿಸಿ, ತಾನೇ ಕೊಕ್ಕೆ ಮಾಡಿಕೊಂಡಿತು. ಬಕೆಟ್ ಎತ್ತಿತು. ಮತ್ತೆ ಮತ್ತೆ ನೇರ ತಂತಿಯನ್ನೇ ಕೊಟ್ಟು ನೋಡಿದಾಗ ಹತ್ತರಲ್ಲಿ ಒಂಬತ್ತು ಸಲ ಹೀಗೆ ಮಾಡಿತು. 2002ರಲ್ಲಿ ಈ ವರದಿ ಬಂದಾಗ ಜಗತ್ತೇ ಬೆರಗಾಯಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. 2016ರಲ್ಲಿ ಕ್ರಿಸ್ಚಿಯನ್ ರುಟ್ಜ್ ಮತ್ತು ಅವರ ಜೊತೆಗಾರರು ಇನ್ನೊಂದು ವಿಷಯ ತೋರಿಸಿದರು. ಕಾಡಿನಲ್ಲಿ ಹಿಡಿದು ಸ್ವಲ್ಪ ಕಾಲ ಇಟ್ಟುಕೊಂಡು ನೋಡಿದ ಕಾಗೆಗಳು ಕೂಡ ತಮ್ಮ ಕಡ್ಡಿಗಳನ್ನು ಹೀಗೇ ಬಗ್ಗಿಸುತ್ತಿದ್ದವು. ಬೆಟ್ಟಿಯೂ ಕಾಡಿನಿಂದ ಬಂದ ಹಕ್ಕಿ. ಹಾಗಾದರೆ ಅದು ಆ ಕ್ಷಣದಲ್ಲಿ ಹೊಳೆದ ಉಪಾಯ ಅಲ್ಲದೆ ಇರಬಹುದು, ಜಾತಿಗೆ ಮೊದಲೇ ಬಂದಿರುವ ಕೈಚಳಕ ಇರಬಹುದು. ಇದರಿಂದ ಬೆಟ್ಟಿ ಸಣ್ಣದಾಯಿತು ಅಂತ ಕೆಲವರಿಗೆ ಬೇಸರವಾಯಿತು. ನನಗೆ ಹಾಗನ್ನಿಸಲಿಲ್ಲ. ಮರದ ಕಡ್ಡಿಗೆ ಮಾಡುವುದನ್ನು ಲೋಹದ ತಂತಿಗೂ ಮಾಡಿ, ಬೇಕಾದ ಆಕಾರ ಬರುವ ತನಕ ಬಿಡದೆ, ಬಂದ ಮೇಲೆ ಸರಿಯಾದ ಜಾಗಕ್ಕೆ ಹಾಕುವುದು ಸಣ್ಣ ಮಾತೇನಲ್ಲ.

ಹಾಗಾದರೆ ಆ ಕೈಚಳಕ ಬಂದದ್ದು ಎಲ್ಲಿಂದ? ಗ್ಯಾವಿನ್ ಹಂಟ್ ಎಂಬ ವಿಜ್ಞಾನಿ 1996ರಲ್ಲಿ ಬರೆದ ಮೇಲೆ ನ್ಯೂ ಕ್ಯಾಲೆಡೋನಿಯಾದ ಕಾಗೆಗಳ ಬಗ್ಗೆ ಹೊರಗಿನ ಜಗತ್ತಿಗೆ ಸರಿಯಾಗಿ ಗೊತ್ತಾಯಿತು. ಕವಲಿರುವ ರೆಂಬೆ ಮುರಿದು, ಎಲೆ ಕಿತ್ತು, ತುದಿಯನ್ನು ಕೊಕ್ಕಿನಿಂದ ಕೆತ್ತಿ ಕೊಕ್ಕೆ ಮಾಡುತ್ತವೆ. ಕೇದಗೆಯ ಜಾತಿಯ ಗಿಡದ ಮುಳ್ಳಿನ ಎಲೆಯ ಅಂಚನ್ನು ಸೀಳಿ ಉದ್ದ ಪಟ್ಟಿ ತೆಗೆಯುತ್ತವೆ. ಇವುಗಳಿಂದ ಮರದ ತೂತಿನೊಳಗಿನ ಹುಳುಗಳನ್ನು ಹೊರಗೆ ತೆಗೆಯುತ್ತವೆ. ಇದನ್ನು ಮರಿ ತಾಯಿತಂದೆಯನ್ನು ನೋಡಿ ಕಲಿಯುತ್ತದಾ, ಹುಟ್ಟಿನಿಂದಲೇ ಬರುತ್ತದಾ ಅಂತ ತಿಳಿಯಲು ಬೆನ್ ಕೆನ್‌ವರ್ಡ್ ಮತ್ತು ಅವರ ಜೊತೆಗಾರರು ನಾಲ್ಕು ಮರಿಗಳನ್ನು ಕೈಯಲ್ಲೇ ಸಾಕಿದರು. ದೊಡ್ಡ ಕಾಗೆಯನ್ನು ಅವು ನೋಡಿಯೇ ಇರಲಿಲ್ಲ. ಎರಡು ಮರಿಗಳಿಗೆ ಮನುಷ್ಯರು ಕಡ್ಡಿ ಬಳಸಿ ತೋರಿಸಿದರು, ಇನ್ನೆರಡಕ್ಕೆ ತೋರಿಸಲಿಲ್ಲ. ನಾಲ್ಕೂ ಕಡ್ಡಿಯಿಂದ ತಿಂಡಿ ತೆಗೆಯುವುದನ್ನು ಕಲಿತವು. 2005ರಲ್ಲಿ ಬಂದ ಈ ವರದಿಯನ್ನು ಕಾಗೆಯ ಹುಟ್ಟುಗುಣಕ್ಕೆ ಸಾಕ್ಷಿ ಅಂತ ಎಲ್ಲರೂ ಹೇಳುತ್ತಾರೆ, ಸರಿಯೇ.

ಆದರೆ ಅವರು ಮರಿಗಳನ್ನು ದಿನದಿನವೂ ನೋಡಿ ಬರೆದಿಟ್ಟ ಇನ್ನೊಂದು ಸಂಗತಿ ಇದೆ. ನನ್ನ ಮನಸ್ಸು ಹಿಡಿದಿದ್ದು ಅದು. ಕಡ್ಡಿ ಬಳಸುವುದಕ್ಕೂ ಮುಂಚೆ ಈ ಮರಿಗಳು ಬೇಕಾದಷ್ಟು ಬೇಡದ ಕೆಲಸ ಮಾಡುತ್ತಿದ್ದವು. ಸಿಕ್ಕಿದ್ದನ್ನು ಕೊಕ್ಕಿನಲ್ಲಿ ಹಿಡಿದು ರೆಂಬೆಗೆ ಉಜ್ಜುವುದು. ಕಡ್ಡಿಯನ್ನು ಸಂದಿಯ ಹತ್ತಿರ ಒಯ್ದು, ಒಳಗೆ ಹೋಗದ ಹಾಗೆ ಅಡ್ಡಡ್ಡ ಒತ್ತುವುದು. ತಿನ್ನಲು ಏನೂ ಇಲ್ಲದ ಕಡೆ ತುರುಕುವುದು. ಒಂದೂ ಪ್ರಯೋಜನಕ್ಕೆ ಬಾರದ ಕೆಲಸ. ಅಷ್ಟನ್ನು ಮಾಡಿ ಮಾಡಿ ಒಂದು ದಿನ ಕಡ್ಡಿ ಸರಿಯಾಗಿ ತೂತಿನೊಳಗೆ ಇಳಿಯುತ್ತದೆ. ಹುಟ್ಟಿನಿಂದ ಬರುವುದು ಕಡ್ಡಿ ಬಳಸುವ ಪೂರ್ತಿ ವಿದ್ಯೆ ಅಲ್ಲ. ಕಡ್ಡಿ ಕಂಡರೆ ಸುಮ್ಮನಿರಲಾಗದ ಸ್ವಭಾವ ಬರುತ್ತದೆ. ಉಳಿದದ್ದನ್ನು ಆಟ ಮಾಡುತ್ತದೆ.

ಆಟ ಅನ್ನುವ ಮಾತನ್ನು ನಾನು ಧಾರಾಳವಾಗಿ ಬಳಸುತ್ತಿದ್ದೇನೆ. ಪ್ರಾಣಿಗಳ ಆಟದ ಬಗ್ಗೆ ತುಂಬಾ ವರ್ಷ ಕೆಲಸ ಮಾಡಿದ ಗಾರ್ಡನ್ ಬರ್ಗ್‌ಹಾರ್ಟ್ ಇದಕ್ಕೆ ಕೆಲವು ಗುರುತು ಹೇಳಿದ್ದಾರೆ. ಆ ಹೊತ್ತಿಗೆ ಅದರಿಂದ ನೇರ ಉಪಯೋಗ ಇರಬಾರದು. ಯಾರೂ ಬಲವಂತ ಮಾಡದೆ ತಾನಾಗಿ ಮಾಡಬೇಕು. ನಿಜವಾದ ಬೇಟೆ, ನಿಜವಾದ ಜಗಳಕ್ಕಿಂತ ಅದು ಬೇರೆ ಥರ ಕಾಣಬೇಕು. ಒಂದೇ ಸಲ ಅಲ್ಲ, ಮತ್ತೆ ಮತ್ತೆ ಮಾಡಬೇಕು. ಹಾಗೆ ಮಾಡುವಾಗ ಹೊಟ್ಟೆ ತುಂಬಿರಬೇಕು, ಭಯ ಇರಬಾರದು. ಕೊನೆಯದನ್ನು ಗಮನಿಸಿ. ಹಸಿದ ಪ್ರಾಣಿ ಆಡುವುದಿಲ್ಲ, ಹೆದರಿದ ಪ್ರಾಣಿ ಆಡುವುದಿಲ್ಲ. ಆಡುತ್ತಿದೆ ಅಂದರೆ ಅದು ಆ ಹೊತ್ತಿಗೆ ಚೆನ್ನಾಗಿದೆ ಅಂತ ಅರ್ಥ.

ಈ ಗುರುತುಗಳನ್ನು ಇಟ್ಟುಕೊಂಡು ನೋಡಿದರೆ ಕಾಗೆ ಬಳಗದ ಆಟಗಳಿಗೆ ಲೆಕ್ಕವೇ ಇಲ್ಲ. ರೇವನ್‌ಗಳು ಗಾಳಿಯಲ್ಲಿ ಹಾರುತ್ತಾ ಹಾರುತ್ತಾ ಅಂಗಾತ ಮಗುಚಿಕೊಳ್ಳುತ್ತವೆ, ಮತ್ತೆ ನೇರವಾಗುತ್ತವೆ. ಎತ್ತರದಲ್ಲಿ ಕಡ್ಡಿ ಬಿಟ್ಟು, ಕೆಳಗೆ ಧುಮುಕಿ, ನೆಲ ಮುಟ್ಟುವ ಮುಂಚೆ ಹಿಡಿಯುತ್ತವೆ. ರೆಂಬೆಯಿಂದ ತಲೆಕೆಳಗಾಗಿ ಜೋತುಬೀಳುತ್ತವೆ, ಕೆಲವೊಮ್ಮೆ ಒಂದೇ ಕಾಲಿನಲ್ಲಿ. ಹಿಮದ ಇಳಿಜಾರಿನಲ್ಲಿ ಬೆನ್ನ ಮೇಲೆ, ಹೊಟ್ಟೆಯ ಮೇಲೆ ಜಾರುತ್ತವೆ, ನಡೆದು ಮೇಲೆ ಹತ್ತುತ್ತವೆ, ಮತ್ತೆ ಜಾರುತ್ತವೆ. ತೋಳ, ನಾಯಿ, ಹದ್ದುಗಳ ಬಾಲ ಎಳೆಯುವುದಂತೂ ಬಹಳ ಕಡೆ ಕಂಡಿರುವ ಸಂಗತಿ. ಒಂದು ಕಾಗೆ ಹಿಂದಿನಿಂದ ಬಾಲ ಎಳೆದಾಗ ಪ್ರಾಣಿ ತಿರುಗುತ್ತದೆ, ಇನ್ನೊಂದು ಕಾಗೆ ಮುಂದಿನಿಂದ ಊಟ ಹಾರಿಸುತ್ತದೆ. ಅದು ಕಳ್ಳತನ, ಒಪ್ಪೋಣ. ಎದುರಿಗೆ ತಿನ್ನಲು ಏನೂ ಇಲ್ಲದಾಗಲೂ ಎಳೆಯುತ್ತವಲ್ಲ! ಮಲಗಿರುವ ತೋಳದ ಹತ್ತಿರ ಹೆಜ್ಜೆ ಹೆಜ್ಜೆಯಾಗಿ ಹೋಗುವುದು, ಬಾಲ ಕುಕ್ಕುವುದು, ಅದು ಎದ್ದು ಹಾರಿದಾಗ ಕೂದಲೆಳೆಯಲ್ಲಿ ತಪ್ಪಿಸಿಕೊಳ್ಳುವುದು, ಮತ್ತೆ ಬಂದು ಅದನ್ನೇ ಮಾಡುವುದು.

2012ರಲ್ಲಿ ರಷ್ಯಾದ ಒಂದು ವಿಡಿಯೋ ಎಲ್ಲೆಡೆ ಹರಡಿತ್ತು. ನಿಮ್ಮಲ್ಲಿ ತುಂಬಾ ಜನ ನೋಡಿರುತ್ತೀರಿ. ಹಿಮ ಬಿದ್ದ ಚಾವಣಿ, ಅದರ ಮೇಲೆ ಒಂದು ಕಾಗೆ, ಕೊಕ್ಕಿನಲ್ಲಿ ಡಬ್ಬಿಯ ಮುಚ್ಚಳದಂಥದ್ದು. ಅದನ್ನು ಕೆಳಗಿಟ್ಟು ಅದರ ಮೇಲೆ ನಿಂತು ಜಾರುತ್ತದೆ. ಕೆಳಗೆ ಮುಟ್ಟಿದ ಮೇಲೆ ಮುಚ್ಚಳ ಎತ್ತಿಕೊಂಡು ಮತ್ತೆ ಮೇಲೆ ಹಾರುತ್ತದೆ. ಇದನ್ನು ಆಟ ಅನ್ನಬಾರದು, ಮುಚ್ಚಳಕ್ಕೆ ಅಂಟಿದ ತಿಂಡಿಯನ್ನು ಕುಕ್ಕಲು ಹೋಗಿ ಜಾರಿರಬಹುದು ಅಂತ ಹೇಳುವವರಿದ್ದಾರೆ. ಒಂದು ವಿಡಿಯೋ ನೋಡಿ ತೀರ್ಪು ಕೊಡಲಾಗದು, ಆ ಎಚ್ಚರಿಕೆ ಬೇಕು. ಮೊದಲ ಜಾರುವಿಕೆ ಆಕಸ್ಮಿಕವೇ ಆಗಿರಲಿ. ಮುಚ್ಚಳವನ್ನು ತಿರುಗಿ ತುದಿಗೆ ಒಯ್ದದ್ದು ಯಾಕೆ? ಆಟಗಳು ಎಷ್ಟೋ ಸಲ ಹುಟ್ಟುವುದೇ ಹಾಗೆ, ಅಲ್ವಾ? ಏನೋ ಮಾಡಲು ಹೋಗಿ ಏನೋ ಆಗುತ್ತದೆ, ಆದದ್ದು ಹಿತವಾಗಿರುತ್ತದೆ, ಇನ್ನೊಮ್ಮೆ ಮಾಡುತ್ತೇವೆ.

ಈಗ ಒಂದು ಪ್ರಯೋಗದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಇವತ್ತಿನ ನನ್ನ ಮಾತಿನ ತಿರುಳು ಇದರಲ್ಲಿದೆ.

ರೇವನ್‌ಗಳು ಊಟ ಬಚ್ಚಿಡುತ್ತವೆ. ಸಿಕ್ಕ ಮಾಂಸವನ್ನು ಮಣ್ಣಿನಲ್ಲೋ ಹಿಮದಲ್ಲೋ ಹುದುಗಿಸಿ, ಆಮೇಲೆ ಬಂದು ತಿನ್ನುತ್ತವೆ. ಬಚ್ಚಿಟ್ಟದ್ದನ್ನು ಕದಿಯುವವರೂ ರೇವನ್‌ಗಳೇ. ಹಾಗಾಗಿ ಯಾರು ನೋಡುತ್ತಿದ್ದಾರೆ, ಯಾರು ಕಳ್ಳರು ಅನ್ನುವುದು ಅವುಗಳ ಬದುಕಿನಲ್ಲಿ ದೊಡ್ಡ ಪ್ರಶ್ನೆ. ಇನ್ನು ಮರಿ ರೇವನ್‌ಗಳನ್ನು ನೋಡಿ. ಅವು ತಿಂಡಿಯನ್ನಷ್ಟೇ ಬಚ್ಚಿಡುವುದಿಲ್ಲ. ಕಲ್ಲು, ಪ್ಲಾಸ್ಟಿಕ್ ಚೂರು, ಬಣ್ಣದ ವಸ್ತು, ಏನು ಸಿಕ್ಕಿದರೂ ಹೂತಿಡುತ್ತವೆ. ಪಕ್ಕದಲ್ಲಿ ನೋಡುವವರಿದ್ದರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಇದನ್ನು ನೋಡಿದರೆ ಮರಿಗಳ ಹುಡುಗಾಟ ಅನ್ನಿಸುತ್ತದೆ.

ಥಾಮಸ್ ಬುಗ್ನ್ಯಾರ್ ಮತ್ತು ಜೊತೆಗಾರರು ಈ ಹುಡುಗಾಟದ ನಡುವೆ ತಾವೂ ಸೇರಿಕೊಂಡರು. ಮರಿಗಳು ಆಟದ ಸಾಮಾನು ಬಚ್ಚಿಟ್ಟಾಗ ಇಬ್ಬರು ಮನುಷ್ಯರು ಬರುತ್ತಿದ್ದರು. ಒಬ್ಬರು ಬಚ್ಚಿಟ್ಟದ್ದನ್ನು ತೆಗೆದುಕೊಂಡು ಹೋಗುತ್ತಿದ್ದರು. ಇನ್ನೊಬ್ಬರು ಹತ್ತಿರ ಬಂದು ನೋಡುತ್ತಿದ್ದರು, ಕದಿಯುತ್ತಿರಲಿಲ್ಲ. ಮರಿಗಳು ಆ ಹೊತ್ತಿಗೆ ದೊಡ್ಡ ರಂಪವನ್ನೇನೂ ಮಾಡಲಿಲ್ಲ. ಆಮೇಲೆ ಅವುಗಳಿಗೆ ನಿಜವಾದ ಊಟ ಕೊಟ್ಟು, ಅದೇ ಇಬ್ಬರಲ್ಲಿ ಒಬ್ಬೊಬ್ಬರನ್ನು ಹತ್ತಿರ ನಿಲ್ಲಿಸಿದರು. ಈಗ ಎಲ್ಲ ಬದಲಾಯಿತು. ಕಳ್ಳನ ಎದುರು ಅವು ಊಟ ಬಚ್ಚಿಡಲು ತಡ ಮಾಡಿದವು, ಬಚ್ಚಿಟ್ಟದ್ದನ್ನು ಕಾದವು. ಕದಿಯದವನ ಎದುರು ಅಷ್ಟು ಎಚ್ಚರ ತೋರಲಿಲ್ಲ. ಕಲ್ಲು, ಪ್ಲಾಸ್ಟಿಕ್ಕಿನ ಆಟದಲ್ಲಿ ಕಲಿತ ಪಾಠವನ್ನು ಊಟದ ವಿಷಯಕ್ಕೆ ತಂದುಕೊಂಡಿದ್ದವು. ಈ ಕೆಲಸ 2007ರಲ್ಲಿ ಪ್ರಕಟವಾಯಿತು.

ಇದರಲ್ಲಿ ಎಷ್ಟು ಸೊಗಸು ಇದೆ ನೋಡಿ. ಊಟ ಇಟ್ಟು ಕಳ್ಳ ಯಾರು ಅಂತ ಕಲಿತರೆ ಪ್ರತಿ ಪಾಠಕ್ಕೂ ಒಂದು ಊಟ ಹೋಗುತ್ತದೆ. ಕಲ್ಲು ಇಟ್ಟು ಕಲಿತರೆ ಹೋಗುವುದು ಕಲ್ಲು. ಮರಿಗೆ ಈ ಲೆಕ್ಕಾಚಾರ ಗೊತ್ತಿದೆ ಅಂತ ನಾನು ಹೇಳುತ್ತಿಲ್ಲ. ಅದಕ್ಕೆ ಆಡುವ ಆಸೆ, ಆಡುತ್ತದೆ ಅಷ್ಟೇ. ಆ ಆಟದೊಳಗೆ ಬದುಕಿಗೆ ಬೇಕಾದ ತಿಳಿವಳಿಕೆ ಬೆಳೆಯುತ್ತದೆ.

ಬಚ್ಚಿಡುವ ಈ ವಿದ್ಯೆ ಎಷ್ಟು ದೂರ ಹೋಗುತ್ತದೆ ಅಂತ ಇನ್ನೆರಡು ಮಾತು. 2001ರಲ್ಲಿ ಎಮರಿ ಮತ್ತು ನಿಕೋಲಾ ಕ್ಲೇಟನ್ ಸ್ಕ್ರಬ್ ಜೇ ಹಕ್ಕಿಗಳನ್ನು ಪರೀಕ್ಷಿಸಿದರು. ಬೇರೆ ಹಕ್ಕಿ ನೋಡುತ್ತಿರುವಾಗ ಊಟ ಬಚ್ಚಿಟ್ಟ ಜೇ, ಆಮೇಲೆ ಒಂಟಿಯಾದಾಗ ಬಂದು ಅದನ್ನು ಬೇರೆ ಜಾಗಕ್ಕೆ ಸಾಗಿಸಿತು. ಎಲ್ಲ ಜೇಗಳೂ ಅಲ್ಲ. ಹಿಂದೆ ತಾವೇ ಕದ್ದು ಅಭ್ಯಾಸ ಇದ್ದವು ಮಾತ್ರ. ಕದ್ದು ಗೊತ್ತಿಲ್ಲದವಕ್ಕೆ ಈ ಅನುಮಾನ ಬರಲೇ ಇಲ್ಲ. 2016ರಲ್ಲಿ ಬುಗ್ನ್ಯಾರ್ ತಂಡ ರೇವನ್‌ಗಳಿಗೆ ಪಕ್ಕದ ಕೋಣೆಯೊಳಗೆ ಇಣುಕುವ ಪುಟ್ಟ ತೂತು ಮಾಡಿ ಕೊಟ್ಟಿತು. ಮೊದಲು ತಾವೇ ಇಣುಕಿ ಅಭ್ಯಾಸ ಮಾಡಿಕೊಂಡ ಹಕ್ಕಿಗಳು, ಆಮೇಲೆ ಊಟ ಬಚ್ಚಿಡುವಾಗ ಪಕ್ಕದಿಂದ ಇನ್ನೊಂದು ರೇವನ್‌ನ ಸದ್ದು ಕೇಳಿದವು. ತೂತು ತೆರೆದಿದ್ದರೆ ಯಾರೋ ನೋಡುತ್ತಿದ್ದಾರೆ ಎಂಬಂತೆ ಅವಸರದಲ್ಲಿ ಬಚ್ಚಿಟ್ಟವು. ತೂತು ಮುಚ್ಚಿದ್ದರೆ ಅದೇ ಸದ್ದಿಗೆ ಹಾಗೆ ಮಾಡಲಿಲ್ಲ. ಕಣ್ಣಿಗೆ ಯಾರೂ ಕಾಣದಿದ್ದರೂ, ನಾನು ಇಣುಕಿದ ಹಾಗೆ ಇನ್ನೊಬ್ಬರೂ ಇಣುಕಬಹುದು ಅನ್ನುವ ತಿಳಿವು ಅಲ್ಲಿದೆ.

ಮರಿಗಳ ಕುತೂಹಲದ ಬಗ್ಗೆ ಬರ್ನ್ಡ್ ಹೈನ್ರಿಚ್ ಮಾಡಿದ ಕೆಲಸವನ್ನು ಹೇಳದೆ ಮುಂದೆ ಹೋಗಲಾರೆ. ಅಮೆರಿಕದ ಮೇನ್ ರಾಜ್ಯದ ಕಾಡಿನಲ್ಲಿ ರೇವನ್‌ಗಳ ಜೊತೆ ಅವರು ವರ್ಷಗಟ್ಟಲೆ ಕಳೆದವರು. ಮರಿ ರೇವನ್‌ಗಳ ಎದುರು ಹೊಸ ಹೊಸ ವಸ್ತು ಇಟ್ಟು ನೋಡಿದರು. ಮರಿಗಳು ಹೊಸದನ್ನು ಬಿಡದೆ ಎತ್ತಿ ನೋಡಿದವು, ತಿನ್ನುವಂಥದ್ದೋ ಅಲ್ಲವೋ ಎಂಬ ಭೇದವಿಲ್ಲದೆ. ಒಮ್ಮೆ ನೋಡಿ ಆದ ಮೇಲೆ ತಿನ್ನುವಂಥದ್ದನ್ನು ಮಾತ್ರ ಮುಟ್ಟಿದವು. ದೊಡ್ಡ ರೇವನ್‌ಗಳು ಇದಕ್ಕೆ ತದ್ವಿರುದ್ಧ. ಹೊಸ ವಸ್ತು ಕಂಡರೆ ಹೆದರುತ್ತವೆ, ಸತ್ತ ಪ್ರಾಣಿಯ ಹತ್ತಿರ ಹೋಗಲು ಕೂಡ ತುಂಬಾ ಹೊತ್ತು ತೆಗೆದುಕೊಳ್ಳುತ್ತವೆ. ತಾಯಿತಂದೆ ಕಾಯುತ್ತಿರುವಷ್ಟು ದಿನ ಜಗತ್ತನ್ನೆಲ್ಲ ಮುಟ್ಟಿ ನೋಡಿ, ಆಮೇಲೆ ಜೋಪಾನವಾಗಿ ಬದುಕುವುದು.

ಹೈನ್ರಿಚ್ ಅವರದ್ದೇ ಇನ್ನೊಂದು ಪ್ರಯೋಗ ಹೆಸರಾಗಿದೆ. ರೆಂಬೆಯಿಂದ ಉದ್ದ ದಾರದಲ್ಲಿ ಮಾಂಸ ಕಟ್ಟಿ ಇಳಿಬಿಟ್ಟರು. ಹಾರುತ್ತಾ ಕಿತ್ತುಕೊಳ್ಳಲು ಆಗುವುದಿಲ್ಲ. ಕೆಲವು ರೇವನ್‌ಗಳು ರೆಂಬೆಯ ಮೇಲೆ ಕೂತು, ಕೊಕ್ಕಿನಿಂದ ದಾರ ಎಳೆದು, ಎಳೆದಷ್ಟನ್ನು ಕಾಲಿನಿಂದ ಒತ್ತಿ ಹಿಡಿದು, ಮತ್ತೆ ಎಳೆದು, ಹೀಗೆ ಆರೇಳು ಸಲ ಮಾಡಿ ಮಾಂಸ ಮೇಲೆ ತಂದವು. ಮಾಂಸ ಕೊಕ್ಕಿನಲ್ಲಿರುವಾಗ ಬೆದರಿಸಿದರೆ ಸಾಮಾನ್ಯವಾಗಿ ರೇವನ್ ಅದರ ಸಮೇತ ಹಾರಿಹೋಗುತ್ತದೆ. ದಾರ ಎಳೆದು ತಂದ ಹಕ್ಕಿಗಳು ಮಾತ್ರ ಮಾಂಸ ಬಿಟ್ಟು ಹಾರಿದವು. ಅದು ಕಟ್ಟಿದೆ ಅಂತ ಅವಕ್ಕೆ ತಿಳಿದಿತ್ತು. ಆದರೆ 2010ರಲ್ಲಿ ಅಲೆಕ್ಸ್ ಟೇಲರ್ ಮತ್ತು ಅವರ ಜೊತೆಗಾರರು ನ್ಯೂ ಕ್ಯಾಲೆಡೋನಿಯಾ ಕಾಗೆಗಳಿಗೆ ದಾರ ಕೊಟ್ಟು, ಮಾಂಸ ಮೇಲೆ ಬರುವುದು ಸರಿಯಾಗಿ ಕಾಣದ ಹಾಗೆ ಹಲಗೆ ಅಡ್ಡ ಇಟ್ಟರು. ಕಾಗೆಗಳು ತಡವರಿಸಿದವು. ಜೋಡಿ ಕೊಳವೆಯ ಸೋಲು ನೆನಪಾಯಿತಾ? ಎಳೆದಾಗ ಹತ್ತಿರ ಬರುವುದು ಕಾಣಬೇಕು, ಆಗ ಮತ್ತೆ ಎಳೆಯುತ್ತವೆ. ಹೀಗೆ ಕಲಿಯುವ ಹಕ್ಕಿಗೆ ಆಟಕ್ಕಿಂತ ಒಳ್ಳೆಯ ಶಾಲೆ ಇಲ್ಲ. ಆಟದಲ್ಲಿ ಮಾಡುವುದೇ ಅದು: ಏನೋ ಮಾಡು, ಏನಾಯಿತು ನೋಡು, ಇನ್ನೊಮ್ಮೆ ಮಾಡು.

ಇದರಲ್ಲಿ ಕಾಗೆಗೆ ಖುಷಿ ಇದೆಯಾ? ಹಕ್ಕಿಗೆ ಖುಷಿ ಅನ್ನುವ ಮಾತನ್ನು ವಿಜ್ಞಾನಿಗಳು ಬಹಳ ಕಾಲ ಮುಟ್ಟಲಿಲ್ಲ. 2019ರಲ್ಲಿ ಡಕೋಟಾ ಮೆಕಾಯ್ ಮತ್ತು ಜೊತೆಗಾರರ ಒಂದು ಕೆಲಸ ಬಂತು. ನ್ಯೂ ಕ್ಯಾಲೆಡೋನಿಯಾ ಕಾಗೆಗಳಿಗೆ ಮೊದಲು ಒಂದು ಪಾಠ ಕಲಿಸಿದರು. ಮೇಜಿನ ಒಂದು ಬದಿಯಲ್ಲಿ ಪೆಟ್ಟಿಗೆ ಇದ್ದರೆ ಅದರಲ್ಲಿ ದೊಡ್ಡ ತುಂಡು ಮಾಂಸ, ಇನ್ನೊಂದು ಬದಿಯಲ್ಲಿದ್ದರೆ ಸಣ್ಣ ತುಂಡು. ಆಮೇಲೆ ಪೆಟ್ಟಿಗೆಯನ್ನು ನಡುವೆ ಇಟ್ಟರು. ಏನು ಸಿಗುತ್ತದೋ ಗೊತ್ತಿಲ್ಲ. ಒಳ್ಳೆಯದೇ ಸಿಗುತ್ತದೆ ಅಂತ ಅನ್ನಿಸಿದ ಹಕ್ಕಿ ಬೇಗ ಬರುತ್ತದೆ, ಇಲ್ಲದಿದ್ದರೆ ನಿಧಾನ ಮಾಡುತ್ತದೆ. ಇದಕ್ಕೂ ಸ್ವಲ್ಪ ಮುಂಚೆ ಕಡ್ಡಿ ಬಳಸಿ ಮಾಂಸ ತೆಗೆದ ಕಾಗೆಗಳು ಬೇಗ ಬಂದವು. ಕಡ್ಡಿ ಇಲ್ಲದೆ ಮಾಂಸ ಪಡೆದವು ಅಷ್ಟು ಬೇಗ ಬರಲಿಲ್ಲ. ಬರೀ ಜಾಸ್ತಿ ಕಷ್ಟಪಟ್ಟದ್ದರಿಂದ ಹೀಗಾಯಿತಾ ಅಂತಲೂ ಬೇರೆಯಾಗಿ ಪರೀಕ್ಷಿಸಿದರು. ಅಲ್ಲ. ಕಡ್ಡಿಯ ಕೆಲಸವೇ ಅವುಗಳ ಮನಸ್ಸನ್ನು ಹಗುರ ಮಾಡಿತ್ತು. ಊಟ ಬೇರೆ, ಊಟ ತೆಗೆಯುವ ಕೆಲಸದ ಸುಖ ಬೇರೆ. ಇದನ್ನು ಓದಿದ ದಿನ ನನಗೆ ತುಂಬಾ ಸಂತೋಷವಾಯಿತು.

ಆ ಖುಷಿ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ ಕೂಡ. ಸ್ವೀಡನ್ನಿನಲ್ಲಿ ಮಥಿಯಾಸ್ ಓಸ್ವಾತ್ ಮತ್ತು ಮಿರಿಯಂ ಸೀಮಾ ಹರೆಯದ ರೇವನ್‌ಗಳನ್ನು ನೋಡಿ 2014ರಲ್ಲಿ ಬರೆದರು. ಒಂದು ಆಡಲು ಶುರು ಮಾಡಿದರೆ ಉಳಿದವೂ ಶುರು ಮಾಡುತ್ತವೆ. ಅದೇ ಆಟವನ್ನಲ್ಲ. ಒಂದು ಕಡ್ಡಿಯ ಜೊತೆ ಆಡುತ್ತಿದ್ದರೆ ಇನ್ನೊಂದು ಜೋತಾಡುತ್ತದೆ, ಮತ್ತೊಂದು ಜೊತೆಗಾರನ ಹಿಂದೆ ಬೀಳುತ್ತದೆ. ನಕಲು ಮಾಡಿದ್ದಾದರೆ ಎಲ್ಲರದ್ದೂ ಒಂದೇ ಆಟ ಆಗಬೇಕಿತ್ತು. ಇಲ್ಲಿ ಅಂಟಿದ್ದು ಆಡುವ ಮನಸ್ಸು.

ಮಿದುಳಿನ ಬಗ್ಗೆ ಒಂದೇ ಮಾತು ಹೇಳಿ ಮುಂದೆ ಹೋಗುತ್ತೇನೆ. ರೇವನ್‌ನ ಮಿದುಳು ಸುಮಾರು 14 ಗ್ರಾಂ. ಆದರೆ 2016ರಲ್ಲಿ ಎಣಿಸಿ ನೋಡಿದಾಗ, ಯೋಚನೆಗೆ ಸಂಬಂಧಿಸಿದ ಮುಂಭಾಗದಲ್ಲಿ ಸುಮಾರು 120 ಕೋಟಿ ನರಕೋಶಗಳು ಸಿಕ್ಕವು. ಸುಮಾರು 50 ಗ್ರಾಂ ಮಿದುಳಿರುವ ಕಪುಚಿನ್ ಕೋತಿಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಹಕ್ಕಿಯ ತಲೆ ಚಿಕ್ಕದು, ಕೋಶಗಳು ಇನ್ನೂ ಚಿಕ್ಕವು, ಒತ್ತೊತ್ತಾಗಿ ತುಂಬಿವೆ.

ಇಷ್ಟು ಹೊಗಳಿದ ಮೇಲೆ, ಹೊಗಳಿಕೆಯಲ್ಲಿ ಎಲ್ಲಿ ನಿಲ್ಲಬೇಕು ಅನ್ನುವುದನ್ನೂ ಹೇಳಬೇಕು. ಕಾಗೆ ಅಕ್ರೋಟನ್ನು ರಸ್ತೆಗೆ ಹಾಕಿ ಕಾರುಗಳ ಚಕ್ರದಿಂದ ಒಡೆಸಿಕೊಳ್ಳುತ್ತದೆ ಅಂತ ಕೇಳಿರುತ್ತೀರಿ. ಜಪಾನಿನ ಸೆಂಡೈ ನಗರದ ಕಾಗೆಗಳು ಇದಕ್ಕೆ ಹೆಸರಾಗಿವೆ. ಕಾಯಿಯನ್ನು ಚಕ್ರ ಬರುವ ಜಾಗದಲ್ಲಿ ಇಟ್ಟು ಕಾಯುತ್ತವೆ. ಆದರೆ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲೂ ಕಾಗೆಗಳು ಹೀಗೇ ಮಾಡುತ್ತವೆ ಅಂತ ಜನ ಹೇಳುತ್ತಿದ್ದಾಗ, ವಿಜ್ಞಾನಿಗಳು ಹೋಗಿ ಎಣಿಸಿ ನೋಡಿದರು. ಕಾರು ಬರುತ್ತಿರುವಾಗಲೂ ಬಾರದಿರುವಾಗಲೂ ಕಾಗೆಗಳು ಒಂದೇ ರೀತಿ ಕಾಯಿ ಬೀಳಿಸುತ್ತಿದ್ದವು. ಗಟ್ಟಿ ನೆಲ ಬೇಕಿತ್ತು ಅಷ್ಟೇ, ಕಾರಿನ ಹಂಗಿರಲಿಲ್ಲ. 1997ರಲ್ಲಿ ಅದನ್ನು ಹಾಗೇ ಬರೆದರು. ಆದರೆ ಅಮೆರಿಕದ ಕಾಗೆಗಳು ಕಾಯಿ ಬೀಳಿಸುವ ಬಗೆಯನ್ನು ಕೂಲಂಕಷವಾಗಿ ನೋಡಿದಾಗ ಬೇರೆಯೇ ಜಾಣತನ ಕಂಡಿತು. ಕಾಯಿ ಎಷ್ಟು ಗಟ್ಟಿ, ನೆಲ ಎಷ್ಟು ಗಟ್ಟಿ ಅಂತ ನೋಡಿ ಎತ್ತರ ಬದಲಿಸುತ್ತವೆ. ಕದಿಯಬಲ್ಲ ಬೇರೆ ಕಾಗೆಗಳು ಹತ್ತಿರ ಇದ್ದರೆ ಕಡಿಮೆ ಎತ್ತರದಿಂದ ಬೀಳಿಸುತ್ತವೆ, ಒಡೆದ ಕೂಡಲೇ ತಾವೇ ಹಿಡಿಯಲು. ಜನ ಹೇಳಿದ ಕಥೆಗಿಂತ ಎಣಿಸಿ ಕಂಡ ಸತ್ಯ ನನಗೆ ಹೆಚ್ಚು ರುಚಿಸಿತು.

ಇನ್ನು ಮುಖ ನೆನಪಿಡುವ ವಿಷಯ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಜಾನ್ ಮಾರ್ಜ್ಲಫ್ 2006ರಲ್ಲಿ ಗುಹಾಮಾನವನ ಮುಖವಾಡ ಹಾಕಿಕೊಂಡು ಏಳು ಕಾಗೆಗಳನ್ನು ಹಿಡಿದು, ಗುರುತು ಕಟ್ಟಿ ಬಿಟ್ಟರು. ಆಮೇಲೆ ಆ ಮುಖವಾಡ ಯಾರು ಹಾಕಿ ನಡೆದರೂ ಕಾಗೆಗಳು ಬೈದವು. ವರ್ಷಗಳು ಕಳೆದರೂ ಬೈದವು, ಹಿಡಿಸಿಕೊಳ್ಳದ ಕಾಗೆಗಳೂ ಸೇರಿಕೊಂಡವು. ಅದೇ ತಂಡದ ಕೇಯ್ಲಿ ಸ್ವಿಫ್ಟ್, ಮುಖವಾಡ ಹಾಕಿದವರ ಕೈಯಲ್ಲಿ ಸತ್ತ ಕಾಗೆ ಹಿಡಿಸಿ ನೋಡಿದರು. ಕಾಗೆಗಳು ಗುಂಪುಗೂಡಿ ಕೂಗಿದವು, ಆ ಮುಖವನ್ನು ನೆನಪಿಟ್ಟುಕೊಂಡವು, ಆ ಜಾಗದಲ್ಲಿ ಊಟಕ್ಕೆ ಇಳಿಯಲು ಹಿಂದೆಮುಂದೆ ನೋಡಿದವು. ಅದು ಶೋಕವೋ ಅಲ್ಲವೋ, ಅಪಾಯದ ಪಾಠವಂತೂ ಹೌದು. ಆಟದಲ್ಲಿ ಕಲಿಯಲಾಗದ ಪಾಠಗಳೂ ಇವೆ. ಅವನ್ನು ಕಾಗೆ ಒಂದೇ ಸಲಕ್ಕೆ ಕಲಿಯುತ್ತದೆ.

ಕೊನೆಗೆ ಒಂದು ಪ್ರಶ್ನೆ ಉಳಿಯಿತು: ಎಲ್ಲ ಹಕ್ಕಿಗಳೂ ಯಾಕೆ ಹೀಗೆ ಆಡುವುದಿಲ್ಲ? ಆಟಕ್ಕೆ ಬಿಡುವು ಬೇಕು. ಆ ಬಿಡುವನ್ನು ಕೊಡುವವರು ತಾಯಿತಂದೆ. ನ್ಯೂ ಕ್ಯಾಲೆಡೋನಿಯಾದ ಮರಿ, ಎಲೆ ಸೀಳಿ ಸಲಕರಣೆ ಮಾಡುವುದರಲ್ಲಿ ದೊಡ್ಡವರಷ್ಟು ಪಳಗಲು ಸುಮಾರು ಒಂದು ವರ್ಷ ಹಿಡಿಯುತ್ತದೆ. ಅಷ್ಟು ಕಾಲವೂ ತಾಯಿತಂದೆ ಉಣ್ಣಿಸುತ್ತವೆ, ಮರಿ ಅವುಗಳ ಕಡ್ಡಿಯನ್ನೇ ಎತ್ತಿಕೊಂಡು ಹೋದರೂ ಸಹಿಸುತ್ತವೆ. ಅಮೆರಿಕದ ಕಾಗೆಗಳಲ್ಲಿ ಮರಿಗಳು ವರ್ಷಗಟ್ಟಲೆ ಮನೆಯಲ್ಲೇ ಉಳಿದು ಮುಂದಿನ ತಮ್ಮ ತಂಗಿಯರನ್ನು ಸಾಕಲು ನೆರವಾಗುವುದೂ ಇದೆ. ಇನ್ನೊಂದು ಕಾರಣ ಊಟ. ಕಾಗೆ ಇಂಥದ್ದನ್ನೇ ತಿನ್ನುತ್ತದೆ ಅಂತಿಲ್ಲ. ಕಾಳು, ಹಣ್ಣು, ಹುಳು, ಮೊಟ್ಟೆ, ಸತ್ತ ಪ್ರಾಣಿ, ನಾವು ಬಿಸಾಡಿದ್ದು ಎಲ್ಲವೂ ಆಗುತ್ತದೆ. ಒಂದೇ ಬಗೆಯ ಊಟ ಇರುವ ಹಕ್ಕಿಗೆ ಒಂದೇ ಬಗೆಯ ವಿದ್ಯೆ ಸಾಕು. ಎಲ್ಲವನ್ನೂ ತಿನ್ನುವ ಹಕ್ಕಿ ಎಲ್ಲವನ್ನೂ ಮುಟ್ಟಿ ನೋಡಬೇಕು.

ಮಾತು ಮುಗಿದ ಮೇಲೆ ಸಭಿಕರೊಬ್ಬರು ಕೇಳಿದರು: "ಆಟವೆಲ್ಲ ಮುಂದಿನ ಬದುಕಿನ ಅಭ್ಯಾಸ ಅಂತ ಹೇಳಿದ ಹಾಗಾಯಿತಲ್ಲ ಸರ್? ಹಾಗಾದರೆ ದೊಡ್ಡ ಕಾಗೆಗಳು ಯಾಕೆ ಆಡುತ್ತವೆ?" ಒಳ್ಳೆಯ ಪ್ರಶ್ನೆ. ಅಭ್ಯಾಸ ಅನ್ನುವುದು ಅರ್ಧ ಉತ್ತರ ಮಾತ್ರ. ಗಾಳಿಯಲ್ಲಿ ಅಂಗಾತ ಮಗುಚುವ ದೊಡ್ಡ ರೇವನ್‌ಗೆ ಹಾರುವುದನ್ನು ಕಲಿಯುವ ಅಗತ್ಯ ಇಲ್ಲ. ಆಟ ಶುರುವಾದದ್ದು ಯಾವ ಉಪಯೋಗಕ್ಕೇ ಆಗಿರಲಿ, ಆಡುವ ಹಕ್ಕಿಯನ್ನು ಆ ಹೊತ್ತಿಗೆ ಎಳೆಯುವುದು ಅದರ ಸುಖ ಅಂತ ನನ್ನ ನಂಬಿಕೆ. ನಮ್ಮಲ್ಲೂ ಹಾಗೇ ಅಲ್ವಾ?

ಇನ್ನೊಬ್ಬರು, "ಮೇಡಂ ಒಬ್ಬರು ಕೇಳಬೇಕು ಅಂತಿದ್ದಾರೆ" ಅಂತ ಮೈಕ್ ಹಿಂದಕ್ಕೆ ಕಳಿಸಿದರು. ಅವರ ಪ್ರಶ್ನೆ ನೇರವಾಗಿತ್ತು: ಕಾಗೆ ಆಡುತ್ತಿದೆ ಅಂತ ನಮಗೆ ಹೇಗೆ ಗೊತ್ತಾಗಬೇಕು? ಇದಕ್ಕೆ ದೊಡ್ಡ ಸಲಕರಣೆ ಬೇಡ. ಕಾಗೆ ಏನನ್ನಾದರೂ ಎತ್ತಿದಾಗ ಅದು ತಿನ್ನುವಂಥದ್ದೋ ಅಂತ ನೋಡಿ. ಬೀಳಿಸಿದರೆ ಮತ್ತೆ ಎತ್ತುತ್ತದಾ, ಎತ್ತಿ ಅದೇ ಜಾಗಕ್ಕೆ ಒಯ್ಯುತ್ತದಾ ನೋಡಿ. ಎರಡು ಕಾಗೆ ಒಂದರ ಹಿಂದೆ ಒಂದು ಹಾರುತ್ತಿದ್ದರೆ, ಅಟ್ಟುವವರು ಓಡುವವರು ಅದಲುಬದಲಾಗುತ್ತಾರಾ ಗಮನಿಸಿ. ನಿಜವಾದ ಜಗಳದಲ್ಲಿ ಸೋತವನು ದೂರ ಹೋಗುತ್ತಾನೆ, ಆಟದಲ್ಲಿ ತಿರುಗಿ ಬರುತ್ತಾನೆ. ಗೂಡು ಬಿಟ್ಟ ಮರಿಗಳು ಇರುವ ಕಾಲದಲ್ಲಿ ಇದು ಹೆಚ್ಚು ಕಾಣುತ್ತದೆ. ಕೊಕ್ಕಿನ ಒಳಗೆ ಇನ್ನೂ ಕೆಂಪು ಬಣ್ಣ ಇದ್ದರೆ ಅದು ಮರಿ. ಹೊಟ್ಟೆ ತುಂಬಿದ ಹೊತ್ತು, ಗಾಳಿ ಜೋರಾಗಿ ಬೀಸುವ ಹೊತ್ತು ಆರಿಸಿಕೊಳ್ಳಿ. ಹತ್ತಿರ ಹೋಗಬೇಡಿ. ನೀವು ನೋಡುತ್ತಿದ್ದೀರಿ ಅಂತ ಗೊತ್ತಾದರೆ ಅದು ಆಟ ಬಿಟ್ಟು ನಿಮ್ಮನ್ನೇ ನೋಡಲು ಶುರು ಮಾಡುತ್ತದೆ.